ಬಿಸಿಲು ನೀರು ಕುಡಿಯೋದಿಲ್ಲ

ಯಾದಗಿರಿ, ಶಹಾಪುರ, ಸುರಪುರ, ಈ ಮೂರೂ ಊರಲ್ಲಿ ನಾನು ಕೇಳಿರೋ ಮಾತು ಒಂದೇ. ಹಳೇ ಅಂಬಾಸಿಡರ್‌ನ ಬಾನೆಟ್ ಎತ್ತಿ "ದಿನಾ ರೇಡಿಯೇಟರ್ ನೀರು ಕಮ್ಮಿ ಆಗ್ತದ, ಎಲ್ಲಿ ಹೋಗ್ತದೋ ತಿಳೀವಲ್ದು" ಅನ್ನಿ. ಉತ್ತರ ರೆಡಿ ಇರುತ್ತೆ: "ನಮ್ಮ ಕಡಿ ಬಿಸಿಲೇ ಹಂಗ ಅದರೀ. ಹಳೀ ಗಾಡಿ, ನೀರ್ ಕುಡಿತದ." ಗಾಡಿ ಮಾಲೀಕರು ತಲೆಯಾಡಿಸಿ, ಡಿಕ್ಕಿಯಲ್ಲಿ ಐದು ಲೀಟರಿನ ಕ್ಯಾನ್ ಇಟ್ಕೊಂಡು ಮನೆಗೆ ಹೋಗ್ತಾರೆ. ಮುಂದಿನ ಹತ್ತು ವರ್ಷ ಅದೇ ಕ್ಯಾನ್.

ನನ್ನ ತಕರಾರು ಈ ಉತ್ತರದ ಮೇಲೆ. ಬಿಸಿಲು ಕೆರೆ ನೀರು ಕುಡಿಯುತ್ತೆ, ಹೊಲದ ತೇವ ಕುಡಿಯುತ್ತೆ, ನಾರಾಯಣಪುರದಿಂದ ಬರೋ ಕಾಲುವೆಯಲ್ಲೂ ತನ್ನ ಪಾಲು ತಗೊಳ್ಳುತ್ತೆ. ಮುಚ್ಚಳ ಬಿಗಿದ ರೇಡಿಯೇಟರ್‌ಗೆ ಮಾತ್ರ ಅದರ ಬಾಯಿ ಎಟುಕೋದಿಲ್ಲ. ಹೊರಗೆ 43 ಡಿಗ್ರಿ ಇರಲಿ, 23 ಇರಲಿ, ಬಿಸಿಯಾದ ಇಂಜಿನ್ನಿನ ಒಳಗೆ ನೀರು 80-90 ಡಿಗ್ರಿ ಆಸುಪಾಸಲ್ಲೇ ತಿರುಗ್ತಿರುತ್ತೆ. ಅದೇ ಬಿಸಿಲಲ್ಲಿ, ಅದೇ ಭೀಮಾ ಸೇತುವೆ ದಾಟಿ ಯಾದಗಿರಿಯಿಂದ ಶಹಾಪುರಕ್ಕೆ ಓಡೋ ಹೊಸ ಕಾರುಗಳು ವರ್ಷಗಟ್ಟಲೆ ಹನಿ ನೀರು ಕೇಳೋದಿಲ್ಲ. ಬಿಸಿಲೇ ಕಳ್ಳನಾಗಿದ್ದರೆ ಎಲ್ಲರ ಮನೆಗೂ ನುಗ್ಗಬೇಕಿತ್ತಲ್ಲ?

ಬಿಸಿಲಿನ ಪಾತ್ರವೇ ಇಲ್ಲ ಅಂತಲ್ಲ. ತಂಪಾಗಿಸೋ ವ್ಯವಸ್ಥೆಯಲ್ಲಿ ಎಲ್ಲಿ ದೌರ್ಬಲ್ಯ ಇದೆಯೋ ಅದನ್ನ ಅದು ಬೇಗ ಬಯಲಿಗೆ ತರುತ್ತೆ, ಅಷ್ಟೇ. ತೂತು ಮಾಡೋದು ಬಿಸಿಲಲ್ಲ.

ಬೆಂಗಳೂರಲ್ಲಿ ಕೂತು ಇದನ್ನ ಓದಿ ನಗ್ತಿರೋರಿಗೆ ಒಂದು ಮಾತು. ನಮ್ಮ ಆಫೀಸುಗಳಲ್ಲಿ ಮೆಮೊರಿ ಲೀಕ್ ಆಗೋ ಸರ್ವರ್‌ಗೆ ರಾತ್ರಿ ಮೂರು ಗಂಟೆಗೆ ತಾನಾಗೇ ರೀಸ್ಟಾರ್ಟ್ ಆಗೋ ಹಾಗೆ ಸೆಟ್ ಮಾಡಿ, "ಲೋಡ್ ಜಾಸ್ತಿ ಸಾರ್" ಅಂತ ಮ್ಯಾನೇಜರ್‌ಗೆ ಹೇಳೋದಿಲ್ವಾ? ಅದೂ ಡಿಕ್ಕಿಯಲ್ಲಿರೋ ಕ್ಯಾನೇ.

ಈಗ ಗಾಡಿಗೆ ಬರೋಣ. ಹಳೇ ಅಂಬಾಸಿಡರ್, ಫಿಯಟ್‌ಗಳಲ್ಲಿ ಹೆಚ್ಚಿನವಕ್ಕೆ ಈಗಿನ ಕಾರುಗಳಂತೆ ಉಕ್ಕಿದ ನೀರನ್ನ ಹಿಡಿದಿಟ್ಟು ವಾಪಸ್ ಕೊಡೋ ಪ್ಲಾಸ್ಟಿಕ್ ಬಾಟಲಿ ಇಲ್ಲ. ಕ್ಯಾಪಿನ ಪಕ್ಕದಿಂದ ಒಂದು ಸಣ್ಣ ಪೈಪು ನೇರ ರಸ್ತೆ ಕಡೆ ಇಳಿದಿರುತ್ತೆ. ನೀರು 30 ಡಿಗ್ರಿಯಿಂದ 90ಕ್ಕೆ ಕಾದರೆ ಸುಮಾರು 3 ಪರ್ಸೆಂಟ್ ಹಿಗ್ಗುತ್ತೆ. ಒಟ್ಟು ಎಂಟು ಲೀಟರ್ ಹಿಡಿಯುತ್ತೆ ಅಂತ ಇಟ್ಕೊಳ್ಳಿ, ಕಾಲು ಲೀಟರ್ ಹೆಚ್ಚಾಯ್ತು. ಬೆಳಿಗ್ಗೆ ಕಂಠಪೂರ್ತಿ ತುಂಬಿಸಿದರೆ ಆ ಕಾಲು ಲೀಟರ್ ಎಲ್ಲಿಗೆ ಹೋಗಬೇಕು? ಪೈಪಿನಿಂದ ರಸ್ತೆಗೆ. ಸಂಜೆ ತಣ್ಣಗಾದ ಮೇಲೆ ನೋಡಿದರೆ "ನೀರು ಕಮ್ಮಿ!" ಮತ್ತೆ ಕಂಠಪೂರ್ತಿ. ಮತ್ತೆ ರಸ್ತೆಗೆ. ಎಷ್ಟೋ ಗಾಡಿಗಳಲ್ಲಿ ಕಾಯಿಲೆಯೇ ಇಲ್ಲ, ತುಂಬಿಸೋ ಕೈಯೇ ಕಾಯಿಲೆ. ಒಂದು ವಾರ ತುಂಬಿಸಬೇಡಿ. ದಿನಾ ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ, ಕಡ್ಡಿ ಅದ್ದಿ ಗುರುತು ಮಾಡಿ, ಎಷ್ಟು ಕಿಲೋಮೀಟರ್ ಓಡಿತು ಅಂತ ಬರೆದಿಡಿ. ಮಟ್ಟ ಒಂದಿಂಚು ಇಳಿದು ಅಲ್ಲೇ ನಿಂತರೆ ಕೇಸ್ ಕ್ಲೋಸ್. ಇಳೀತಾನೇ ಹೋದರೆ ಮಾತ್ರ ಮುಂದೆ ಹುಡುಕಿ.

ಮುಂದೆ ಅಂದರೆ ಮೊದಲು ಕ್ಯಾಪು. ಅದು ಬರೀ ಮುಚ್ಚಳ ಅಲ್ಲ, ಒತ್ತಡದ ವಾಲ್ವು. ಪ್ರತಿ ಒಂದು ಪಿಎಸ್‌ಐ ಒತ್ತಡಕ್ಕೆ ನೀರು ಕುದಿಯೋ ಮಟ್ಟ ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತೆ. ಒಳಗಿನ ರಬ್ಬರ್ ಒಣಗಿ ಸೀಳಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಆ ಲಾಭ ಹೋಯ್ತು. ಏರು ಹತ್ತುವಾಗ ನೀರು ಕುದ್ದು ಅದೇ ಪೈಪಿನಿಂದ ಹೊರಗೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಸಾಮಾನುಗಳಲ್ಲಿ ಇದೂ ಒಂದು. ಇದನ್ನ ಮುಟ್ಟಿಯೂ ನೋಡದೆ "ಹೆಡ್ ಗ್ಯಾಸ್ಕೆಟ್ ಹೋಗ್ಯಾದ" ಅಂತ ತೀರ್ಪು ಕೊಡೋರನ್ನ ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತೆ.

ಯಾಕೆ ಅಂತ ಹೇಳ್ತೀನಿ. ಶಹಾಪುರದ ನಮ್ಮ ಸೋದರಮಾವನ ಹತ್ರ 1489 ಸಿಸಿ ಪೆಟ್ರೋಲ್ ಇಂಜಿನ್ನಿನ ಅಂಬಾಸಿಡರ್ ಇದೆ. ಐವತ್ತು ವರ್ಷ ದಾಟಿದೆ. 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳೋ ವಯಸ್ಸು. ನೀರು ಮಾಯ ಆಗ್ತಿತ್ತು, ನೆಲದ ಮೇಲೆ ಒಂದು ಹನಿ ಇಲ್ಲ. ಒಂದು ಗ್ಯಾರೇಜಿನವರು ಎರಡು ಸಲ ಹೆಡ್ ಇಳಿಸಿದರು, ಎರಡು ಸಲ ಫೇಸಿಂಗ್ ಹೊಡೆಸಿದರು. ಪ್ರತಿ ಸಲ ಹೆಡ್ಡಿನ ಲೋಹ ಒಂದಿಷ್ಟು ಸವೆಯಿತು, ಕಂಪ್ರೆಶನ್ ಏರಿತು, ಗಾಡಿ ಏರಿನಲ್ಲಿ ಟಕಟಕ ಅನ್ನತೊಡಗಿತು. ನೀರು ಮಾತ್ರ ಮೊದಲಿನಂತೆಯೇ ಮಾಯ. ಕೊನೆಗೆ "ಹೆಡ್ಡೇ ಒಡದದ, ಗುಜರಿಗೆ ಹಾಕ್ರಿ ಮಾಲಕರೆ" ಅಂದರಂತೆ.

ಕಳ್ಳ ಇದ್ದಿದ್ದು ವಾಟರ್ ಪಂಪಿನಲ್ಲಿ. ಪಂಪಿನ ಒಳಗಿನ ಸೀಲ್ ಸವೆದರೆ ಗೊತ್ತಾಗಲಿ ಅಂತಲೇ ಅದರ ಮೈಗೆ ಒಂದು ಸಣ್ಣ ತೂತು ಕೊಟ್ಟಿರ್ತಾರೆ. ಈ ಇಂಜಿನ್ನಿನಲ್ಲಿ ಫ್ಯಾನ್ ಇರೋದೂ ಅದೇ ಪಂಪಿನ ಮೂತಿಗೆ. ಇಂಜಿನ್ ಓಡ್ತಿರುವಾಗ ಮಾತ್ರ ನೀರು ಜಿನುಗಿ, ಫ್ಯಾನ್ ಗಾಳಿಗೆ ತುಂತುರಾಗಿ, ಬಿಸಿ ಬ್ಲಾಕಿನ ಮೇಲೆ ಬಿದ್ದು ಆರಿಹೋಗ್ತಿತ್ತು. ಗಾಡಿ ನಿಲ್ಲಿಸಿದ ಮೇಲೆ ನೆಲ ನೋಡಿದರೆ ಏನು ಕಾಣಬೇಕು? ಸಿಕ್ಕಿಹಾಕಿಸಿದ್ದು ನಮ್ಮ ಬೋರ್ ನೀರೇ. ಗಡಸು ನೀರು ಆರಿದ ಕಡೆಯೆಲ್ಲಾ ಸುಣ್ಣ ಬಳಿದಂತೆ ಬಿಳಿ ಗೆರೆ ಬಿಟ್ಟಿತ್ತು. ಪಂಪಿನ ಹೊಟ್ಟೆಯಿಂದ ಬ್ಲಾಕಿನ ಎದೆವರೆಗೆ. ಟಾರ್ಚ್ ಹಿಡಿದು ಐದು ನಿಮಿಷ ನೋಡಿದರೆ ಸಾಕಿತ್ತು. (ಹಾಗಂತ ಬೋರ್ ನೀರು ಒಳ್ಳೇದಲ್ಲ. ಅದೇ ಸುಣ್ಣ ರೇಡಿಯೇಟರಿನ ನಾಳಗಳಲ್ಲಿ ಕಟ್ಟುತ್ತೆ, ತುಕ್ಕು ಕೋರ್ ಪ್ಲಗ್‌ಗಳನ್ನ ಒಳಗಿನಿಂದ ತಿನ್ನುತ್ತೆ. ಡಿಸ್ಟಿಲ್ಡ್ ನೀರು, ಜೊತೆಗೆ ಕೂಲಂಟ್, ಇದಕ್ಕೆ ಚೌಕಾಸಿ ಬೇಡ.)

ಹೆಡ್ ಗ್ಯಾಸ್ಕೆಟ್ ಹೋಗೋದೇ ಇಲ್ಲವಾ? ಹೋಗುತ್ತೆ. ಆದರೆ ಹೋದರೆ ಸಾಕ್ಷಿ ಬಿಡುತ್ತೆ. ಇಂಜಿನ್ ಚೆನ್ನಾಗಿ ಕಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹಬೆ ನಿಲ್ಲೋದಿಲ್ಲ. ನಾಲ್ಕು ಸ್ಪಾರ್ಕ್ ಪ್ಲಗ್ಗಿನಲ್ಲಿ ಒಂದು ಮಾತ್ರ ಆವಿಗೆ ತೊಳೆದಂತೆ ಲಕಲಕ ಅನ್ನುತ್ತೆ. ತಣ್ಣಗಿದ್ದಾಗಲೇ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದರೆ ರೇಡಿಯೇಟರ್ ಕತ್ತಿನಲ್ಲಿ ಗುಳ್ಳೆ ನಿಲ್ಲದೆ ಬರ್ತಾವೆ. ಇನ್ನೂ ಅನುಮಾನ ಇದ್ದರೆ ನೀಲಿ ದ್ರವದ ಪರೀಕ್ಷೆ ಇದೆ: ರೇಡಿಯೇಟರ್ ಕತ್ತಿನ ಗಾಳಿಯನ್ನ ಅದರ ಮೂಲಕ ಎಳೆದಾಗ ಹಳದಿಗೆ ತಿರುಗಿದರೆ ಸುಟ್ಟ ಗ್ಯಾಸ್ ನೀರಿಗೆ ನುಗ್ಗಿದೆ ಅಂತ ಅರ್ಥ. ಆಯಿಲ್ ಕ್ಯಾಪಿನ ಕೆಳಗೆ ಒಂದಿಷ್ಟು ಬಿಳಿ ಕೆನೆ ಕಂಡಾಕ್ಷಣ ಅಳಬೇಡಿ. ಬರೀ ಸಂತೆಗೆ ಹೋಗಿಬರೋ ಗಾಡಿಯಲ್ಲಿ ಅದು ತೇವದಿಂದಲೂ ಬರುತ್ತೆ.

ರೇಡಿಯೇಟರ್‌ಗೆ ಅರಿಶಿನ ಸುರಿಯೋ ಪಂಡಿತರ ಬಗ್ಗೆ ಹೆಚ್ಚು ಹೇಳೋದಿಲ್ಲ. ದಾರಿ ಮಧ್ಯೆ ಕೈಕೊಟ್ಟಾಗ ಊರು ಮುಟ್ಟೋಕೆ ಸರಿ. ಅದನ್ನೇ ರಿಪೇರಿ ಅಂದರೆ ತೂತಿನ ಜೊತೆ ಸಣ್ಣ ನಾಳಗಳೂ ಮುಚ್ಚುತ್ತವೆ. ಇನ್ನೊಂದು ತುದಿಯಲ್ಲಿ ನಮ್ಮ ಬೆಂಗಳೂರಿನ ವೀಕೆಂಡ್ ಶೋಕಿಲಾಲರು: ನಮ್ಮ ಕಡೆಯಿಂದ ಅಂಬಾಸಿಡರ್ ಕೊಂಡು, ಲಾರಿಗೇರಿಸಿ, ಮೊದಲು ಪೇಂಟ್, ಆಮೇಲೆ ಕ್ರೋಮ್, ಆಮೇಲೆ "ಇಂಜಿನ್ ಚೇಂಜ್ ಮಾಡಿಸಿಬಿಡು ಗುರೂ". ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ. ಇನ್ನು ಹುಟ್ಟೋದಿಲ್ಲ. ಮೂಲ ಇಂಜಿನ್ ಒಂದು ಸವೆದ ಸೀಲಿಗೋಸ್ಕರ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗೋದನ್ನ ನಾನು ಶೋಕಿ ಅನ್ನಲಾರೆ.

"ಪ್ರೆಶರ್ ಟೆಸ್ಟರ್ ನಮ್ಮ ಹತ್ರ ಎಲ್ಲಿಂದ ಬರಬೇಕ್ರಿ" ಅಂತ ಸುರಪುರದಲ್ಲಿ ಒಬ್ಬ ಮಿಸ್ತ್ರಿ ಕೇಳಿದ. ನ್ಯಾಯದ ಪ್ರಶ್ನೆ. ಹಳೇ ಕ್ಯಾಪಿನ ನಡುವೆ ತೂತು ಕೊರೆದು ಟ್ಯೂಬಿನ ವಾಲ್ವ್ ಕೂರಿಸು, ಪೈಪಿನ ಬಾಯಿ ಬಿಗಿಯಾಗಿ ಮುಚ್ಚು, ಗೇಜ್ ಇರೋ ಸೈಕಲ್ ಪಂಪ್ ಹಚ್ಚು ಅಂದೆ. ಇಂಜಿನ್ ತಣ್ಣಗಿರಬೇಕು. ಆ ಗಾಡಿಯ ಕ್ಯಾಪಿನ ಮೇಲೆ ಬರೆದಿರೋ ಒತ್ತಡ ದಾಟಬಾರದು, ಕಂಪ್ರೆಸರ್ ಅಂತೂ ಬೇಡವೇ ಬೇಡ. ಕಾಲು ಗಂಟೆ ಮುಳ್ಳು ನೋಡು. ಇಳಿದರೆ ಟಾರ್ಚ್ ತಗೊಂಡು ಹನಿ ಹುಡುಕು. ಅವ ತಲೆ ಕೆರ್ಕೊಂಡು, ಮೂಲೆಯ ಡಬ್ಬಿಯಿಂದ ಒಂದು ತುಕ್ಕು ಹಿಡಿದ ಕ್ಯಾಪ್ ಹೆಕ್ಕಿ, ಹುಡುಗನ್ನ ಕರೆದ: "ಏ ತಮ್ಮಾ, ಪಂಚರ್ ಅಂಗಡಿಗಿ ಹೋಗಿ ಒಂದ್ ವಾಲ್ವ್ ಇಸ್ಕೊಂಡ್ ಬಾ."