ಇಬ್ಬರ ವಾರಾಂತ್ಯ ಪ್ರವಾಸವೂ ಬೀರೂರಿನ ವ್ಯಾಪಾರವೂ

ಬೀರೂರಿನ ವಾಣಿಜ್ಯಕ್ಕೂ ರೈಲಿಗೂ ಶತಮಾನಕ್ಕೂ ಮೀರಿದ ನಂಟಿದೆ. 1889ರಲ್ಲಿ ಬೆಂಗಳೂರು–ಹರಿಹರ ಮಾರ್ಗವು ಪೂರ್ಣಗೊಂಡು, 1899ರಲ್ಲಿ ಇಲ್ಲಿಂದ ಶಿವಮೊಗ್ಗಕ್ಕೆ ಕವಲು ಮಾರ್ಗವು ತೆರೆದ ನಂತರ ಈ ಊರು ಜಂಕ್ಷನ್ ಎನಿಸಿಕೊಂಡಿತು. ಗಾಡಿ ಬದಲಿಸಲು ಇಳಿದ ಪ್ರಯಾಣಿಕನು ಇಲ್ಲಿ ಊಟ ಮಾಡಿದನು, ತಂಗಿದನು, ಸಾಮಾನು ಕೊಂಡನು. ತೆಂಗು, ಅಡಿಕೆ, ಧಾನ್ಯಗಳ ಸಗಟು ವ್ಯಾಪಾರದ ಜೊತೆಜೊತೆಗೆ ಪ್ರಯಾಣಿಕನನ್ನು ನಂಬಿದ ಚಿಲ್ಲರೆ ವ್ಯಾಪಾರವೂ ಬೆಳೆಯಿತು.

ಆ ಕಾಲವು ಸರಿದು ಹೋಗಿದೆ. ಬ್ರಾಡ್‌ಗೇಜ್ ಬಂದ ಮೇಲೆ ಶಿವಮೊಗ್ಗದ ಪ್ರಯಾಣಿಕನು ಬೀರೂರಿನಲ್ಲಿ ಗಾಡಿ ಬದಲಿಸಬೇಕಾಗಿಲ್ಲ. 2013ರಲ್ಲಿ ಕಡೂರು–ಚಿಕ್ಕಮಗಳೂರು ರೈಲು ಮಾರ್ಗವು ಆರಂಭವಾದ ಬಳಿಕ ಗಿರಿಶ್ರೇಣಿಗೆ ಹೋಗುವವರಿಗೆ ಮತ್ತೊಂದು ದಾರಿ ದೊರೆಯಿತು. ಚತುಷ್ಪಥ ಹೆದ್ದಾರಿಗಳು ಊರನ್ನು ಬಳಸಿಕೊಂಡು ಹೋಗುವುದು ಈಗ ಎಲ್ಲೆಡೆಯ ವಾಡಿಕೆ. ಹಿಂದೆ ಪ್ರಯಾಣಿಕನು ಅನಿವಾರ್ಯವಾಗಿ ಇಳಿಯುತ್ತಿದ್ದನು. ಇನ್ನು ಮುಂದೆ ಅವನು ಇಳಿಯಬೇಕಾದರೆ ಅದಕ್ಕೊಂದು ಕಾರಣವನ್ನು ವರ್ತಕರೇ ಒದಗಿಸಬೇಕಾಗಿದೆ.

ಅಂತಹ ಕಾರಣವೊಂದು ಕೈಯಳತೆಯಲ್ಲಿಯೇ ಇದೆ. ಅದನ್ನು ಗುರುತಿಸಲು ಮೊದಲು ದ್ರಾಕ್ಷಾರಸದ ನಾಡುಗಳು ನಡೆದ ದಾರಿಯನ್ನು ನೋಡುವುದು ಉಪಯುಕ್ತ.

ದ್ರಾಕ್ಷಾರಸದವರು ಮಾರಿದ್ದೇನು?

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಫಿಂಗರ್ ಲೇಕ್ಸ್ ಎಂಬ ಸರೋವರಗಳ ಸೀಮೆಯಿದೆ. ಕೈಬೆರಳುಗಳಂತೆ ಉದ್ದುದ್ದ ಚಾಚಿರುವ ಹನ್ನೊಂದು ಸರೋವರಗಳ ದಡದಲ್ಲಿ ದ್ರಾಕ್ಷಿ ತೋಟಗಳಿವೆ. ಅಲ್ಲಿನ ಸಣ್ಣ ಬೆಳೆಗಾರರು ಬಹುಕಾಲ ತಮ್ಮ ಹಣ್ಣನ್ನು ದೊಡ್ಡ ಕಾರ್ಖಾನೆಗಳಿಗೆ ಮಾರಿ, ಅವರು ಕೊಟ್ಟ ಬೆಲೆಯನ್ನು ಪಡೆಯುತ್ತಿದ್ದರು. 1976ರಲ್ಲಿ ಆ ರಾಜ್ಯವು ತೋಟದ ದ್ರಾಕ್ಷಾರಸ ಕಾಯಿದೆಯನ್ನು ಜಾರಿಗೆ ತಂದು, ಸಣ್ಣ ಬೆಳೆಗಾರನು ತನ್ನ ತೋಟದಲ್ಲಿಯೇ ರಸ ತಯಾರಿಸಿ ಗ್ರಾಹಕನಿಗೆ ನೇರವಾಗಿ ಮಾರಲು ಅನುವು ಮಾಡಿಕೊಟ್ಟಿತು. 1983ರಲ್ಲಿ ಕಯೂಗ ಸರೋವರದ ಸುತ್ತಲಿನ ಉತ್ಪಾದಕರು ಒಟ್ಟುಗೂಡಿ ಒಂದೇ ನಕ್ಷೆ, ಒಂದೇ ಪ್ರಚಾರದ ಅಡಿಯಲ್ಲಿ 'ದ್ರಾಕ್ಷಾರಸದ ಹಾದಿ'ಯೊಂದನ್ನು ರೂಪಿಸಿದರು. ಇಂದು ಆ ಸೀಮೆಯಲ್ಲಿ ನೂರಕ್ಕೂ ಹೆಚ್ಚು ತಯಾರಿಕಾ ಘಟಕಗಳಿವೆ. ಶನಿವಾರ ಬಂದು ಭಾನುವಾರ ಮರಳುವ ಪ್ರವಾಸಿಗರು ಅವುಗಳ ವ್ಯಾಪಾರಕ್ಕೆ ಆಧಾರವಾಗಿದ್ದಾರೆ.

ಭಾರತದಲ್ಲಿಯೂ ಇದೇ ಮಾರ್ಗವನ್ನು ಅನುಸರಿಸಿದವರಿದ್ದಾರೆ. ನಾಸಿಕದ ಸುಲಾ ಸಂಸ್ಥೆಯು 2005ರಲ್ಲಿ ತನ್ನ ತೋಟದಲ್ಲಿ ರುಚಿ ನೋಡುವ ಕೊಠಡಿಯನ್ನು ತೆರೆಯಿತು. ನಂತರ ವಸತಿಗೃಹಗಳು ಬಂದವು. ಕರ್ನಾಟಕದಲ್ಲಿ 1988ರಲ್ಲಿ ಸ್ಥಾಪಿತವಾದ ಗ್ರೋವರ್ ಸಂಸ್ಥೆಯು ನಂದಿಬೆಟ್ಟದ ಬುಡದ ದೊಡ್ಡಬಳ್ಳಾಪುರ ಸೀಮೆಯಲ್ಲಿ ದ್ರಾಕ್ಷಿ ಬೆಳೆಸಿತು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿ ಈ ಉದ್ಯಮಕ್ಕೆ ಪ್ರತ್ಯೇಕ ಉತ್ತೇಜನ ನೀಡಿತು. ಬೆಂಗಳೂರಿನ ದಂಪತಿಗಳು ವಾರಾಂತ್ಯದಲ್ಲಿ ಹಣ ತೆತ್ತು ಆ ತೋಟಗಳನ್ನು ನೋಡಲು ಹೋಗುತ್ತಾರೆ.

ಅವರು ತೆರುವ ಹಣ ಯಾವುದಕ್ಕೆ ಎಂಬುದನ್ನು ವ್ಯಾಪಾರಿಯು ಗಮನಿಸಬೇಕು. ಅದೇ ಸೀಸೆಯು ನಗರದ ಅಂಗಡಿಯಲ್ಲಿಯೂ ದೊರೆಯುತ್ತದೆ. ಬಳ್ಳಿಯನ್ನು ನೋಡುವುದು, ಪೀಪಾಯಿಗಳ ನಡುವೆ ನಡೆಯುವುದು, ತಯಾರಿಸಿದವನ ಬಾಯಿಂದಲೇ ವಿವರಣೆ ಕೇಳುವುದು, ನಾಲ್ಕು ಬಗೆಯನ್ನು ಸವಿದು ಒಂದನ್ನು ಆರಿಸುವುದು – ಇವು ಅಂಗಡಿಯಲ್ಲಿ ದೊರೆಯುವುದಿಲ್ಲ. ಉತ್ಪಾದನೆಯ ಸ್ಥಳವೇ ಅಲ್ಲಿ ಸರಕಾಗಿದೆ.

ಕೆರೆಗಳ ಸೀಮೆ, ಕಾಫಿಯ ಬೆಟ್ಟ

ಬೀರೂರಿನ ಸುತ್ತ ದ್ರಾಕ್ಷಿಯ ನಾಡಿಲ್ಲ. ಅದರ ಅಗತ್ಯವೂ ಇಲ್ಲ. ಆದರೆ ಸರೋವರಗಳ ಸೀಮೆ ಎಂಬ ಹೆಸರಿಗೆ ಕಡೂರು–ತರೀಕೆರೆ ಪ್ರದೇಶವು ಎಲ್ಲ ರೀತಿಯಲ್ಲಿಯೂ ಅರ್ಹವಾಗಿದೆ. ಸಖರಾಯಪಟ್ಟಣದ ಬಳಿ ಶಕುನಗಿರಿಯ ಮಗ್ಗುಲಲ್ಲಿರುವ ಅಯ್ಯನಕೆರೆಯು ರಾಜ್ಯದ ಅತಿದೊಡ್ಡ ಕೆರೆಗಳಲ್ಲಿ ಒಂದು. ರುಕ್ಮಾಂಗದರಾಯನು ಇದನ್ನು ಕಟ್ಟಿಸಿದನೆಂದೂ, ಹೊಯ್ಸಳರ ಕಾಲದಲ್ಲಿ 1156ರಲ್ಲಿ ಜೀರ್ಣೋದ್ಧಾರವಾಯಿತೆಂದೂ ಹೇಳಲಾಗುತ್ತದೆ. ಎಮ್ಮೆದೊಡ್ಡಿಯ ಕಡೆಗೆ ಮದಗದಕೆರೆಯಿದೆ. ಬಾಬಾಬುಡನ್‌ಗಿರಿ ಶ್ರೇಣಿಯ ಪೂರ್ವದ ಇಳಿಜಾರಿನ ನೀರು ವೇದಾ, ಆವತಿ ಎಂಬ ಹೊಳೆಗಳಾಗಿ ಹರಿದು, ಕೂಡಿ ವೇದಾವತಿಯಾಗಿ, ಮುಂದೆ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರುತ್ತದೆ. ಪಶ್ಚಿಮಕ್ಕೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದ್ದು, ಅದರ ನಡುಗಡ್ಡೆಗಳಲ್ಲಿ ಬೇಸಿಗೆಯ ಆರಂಭದಿಂದ ರೀವ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಮೊಟ್ಟೆಯಿಡುತ್ತವೆ.

ಈ ಎರಡು ನೀರಿನ ಸೀಮೆಗಳ ನಡುವೆ ಕಾಫಿಯ ಬೆಟ್ಟವಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜಗಳನ್ನು ತಂದು ನೆಟ್ಟರೆಂಬ ಪ್ರತೀತಿಯು ಇದೇ ಗಿರಿಗೆ ಸೇರಿದ್ದು. 2019ರಲ್ಲಿ 'ಬಾಬಾಬುಡನ್‌ಗಿರೀಸ್ ಅರೇಬಿಕಾ' ಕಾಫಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ದ್ರಾಕ್ಷಾರಸಕ್ಕೆ ಫಿಂಗರ್ ಲೇಕ್ಸ್ ಎಂಬ ಹೆಸರು ಏನನ್ನು ತಂದುಕೊಟ್ಟಿತೋ, ಅದನ್ನು ತಂದುಕೊಡಬಲ್ಲ ಹೆಸರು ಈ ನೆಲದ ಕಾಫಿಗೆ ಆಗಲೇ ಇದೆ.

ಇಲ್ಲಿ ಒಂದು ಹೋಲಿಕೆಯು ಮನನೀಯವಾಗಿದೆ. ನ್ಯೂಯಾರ್ಕಿನ ಬೆಳೆಗಾರನಿಗೆ 1976ರಲ್ಲಿ ದೊರೆತ ನೇರ ಮಾರಾಟದ ಸ್ವಾತಂತ್ರ್ಯವು ಕಾಫಿ ಬೆಳೆಗಾರನಿಗೂ ಹಂತಹಂತವಾಗಿ ದೊರೆತು, 1996ರ ವೇಳೆಗೆ ಕಾಫಿ ಮಂಡಳಿಯ ಕಡ್ಡಾಯ ಸಂಗ್ರಹಣೆಯ ವ್ಯವಸ್ಥೆಯು ಸಂಪೂರ್ಣವಾಗಿ ಕೊನೆಗೊಂಡಿತು. ಅದೇ 1996ರಲ್ಲಿ ಚಿಕ್ಕಮಗಳೂರು ಜಿಲ್ಲೆಯವರೇ ಆದ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತಮ್ಮ ಮೊದಲ ಕೆಫೆ ಕಾಫಿ ಡೇ ಮಳಿಗೆಯನ್ನು ತೆರೆದರು. ಬೀಜವನ್ನು ಮೂಟೆಯಲ್ಲಿ ಮಾರುವುದಕ್ಕಿಂತ ಬಟ್ಟಲಿನಲ್ಲಿ ಮಾರಿದರೆ ಬೆಲೆ ಎಷ್ಟು ಏರುತ್ತದೆ ಎಂಬುದನ್ನು ಆ ಮಳಿಗೆಯು ದೇಶಕ್ಕೇ ತೋರಿಸಿಕೊಟ್ಟಿತು. ಆದರೆ ಬಟ್ಟಲಿನ ವ್ಯಾಪಾರವು ನಗರಕ್ಕೆ ಹೋಯಿತು. ಬೆಟ್ಟದ ತಪ್ಪಲಿನ ಪೇಟೆಗಳಲ್ಲಿ ಇಂದಿಗೂ ಮೂಟೆಯ ವ್ಯಾಪಾರವೇ ಮುಖ್ಯವಾಗಿ ಉಳಿದಿದೆ. ಕಾಫಿಯ ಸೀಮೆಗೆ ಬಂದ ಅತಿಥಿಗೆ ಯಾವ ತೋಟದ್ದೆಂದು ತಿಳಿಯದ, ಚಿಕೋರಿ ಬೆರೆತ ಪುಡಿಯ ಕಾಫಿಯನ್ನು ಕೊಡುವುದು ವ್ಯಾಪಾರದ ದೃಷ್ಟಿಯಿಂದ ನಷ್ಟವೇ ಸರಿ.

ಇಬ್ಬರಿಗೇ ಏಕೆ?

ಪ್ರವಾಸೋದ್ಯಮವೆಂದೊಡನೆ ಬಸ್ಸುಗಟ್ಟಲೆ ಜನ, ನೂರು ಕೊಠಡಿಗಳ ಹೋಟೆಲು, ಕೋಟಿಗಟ್ಟಲೆ ಬಂಡವಾಳ ಎಂಬ ಭಾವನೆಯಿದೆ. ಸಣ್ಣ ಪಟ್ಟಣಕ್ಕೆ ಅದು ಎಟುಕದು, ಒಗ್ಗದು. ಇಬ್ಬರ ಪ್ರವಾಸಕ್ಕೆ ಬೇಕಾದುದು ಒಂದು ಶುಚಿಯಾದ ಕೊಠಡಿ, ನಂಬಿಕಸ್ತ ಚಾಲಕನಿರುವ ಒಂದು ಕಾರು, ನಾಲ್ಕು ಹೊತ್ತಿನ ಊಟ–ಉಪಾಹಾರ ಮತ್ತು ಮುಂಚಿತವಾಗಿ ನಿಗದಿಯಾದ ಎರಡು–ಮೂರು ಭೇಟಿಗಳು. ಇವೆಲ್ಲವೂ ಬೀರೂರು, ಕಡೂರು, ತರೀಕೆರೆಗಳಲ್ಲಿ ಬಿಡಿಬಿಡಿಯಾಗಿ ಇವೆ. ಇವನ್ನು ಒಂದು ಸೂತ್ರದಲ್ಲಿ ಪೋಣಿಸುವ ಕೆಲಸವಷ್ಟೇ ಬಾಕಿಯಿದೆ.

ಉದಾಹರಣೆಗೆ ಎರಡು ದಿನಗಳ ಯೋಜನೆಯೊಂದನ್ನು ಪರಿಶೀಲಿಸಬಹುದು. ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಗಳ ಪ್ರಯಾಣ. ಶನಿವಾರ ಬೀರೂರಿನಲ್ಲಿ ಇಳಿದ ದಂಪತಿಗಳಿಗೆ ಉಪಾಹಾರ. ನಂತರ ಹಿರೇನಲ್ಲೂರಿನ ಹೊಯ್ಸಳ ಕಾಲದ ಮಲ್ಲಿಕಾರ್ಜುನ ದೇವಾಲಯ. ಮಧ್ಯಾಹ್ನ ತೆಂಗಿನ ತೋಟದ ಮನೆಯೊಂದರಲ್ಲಿ ಊಟ. ಬಲಿತ ಕಾಯಿಯು ಅಟ್ಟದ ಮೇಲೆ ಹಲವು ತಿಂಗಳು ಕೂತು ಉಂಡೆ ಕೊಬ್ಬರಿಯಾಗುವ ಬಗೆಯನ್ನು ಅಲ್ಲಿಯೇ ತೋರಿಸಬಹುದು. ಸಂಜೆಗೆ ಅಯ್ಯನಕೆರೆಯ ಏರಿಯ ಮೇಲಿನ ಸೂರ್ಯಾಸ್ತ. ರಾತ್ರಿ ಬೀರೂರಿನಲ್ಲಿ ವಾಸ್ತವ್ಯ.

ಭಾನುವಾರ ಬೆಳಿಗ್ಗೆ ಲಿಂಗದಹಳ್ಳಿಯ ಮಾರ್ಗವಾಗಿ ಬೆಟ್ಟದ ತಪ್ಪಲಿನ ಕಾಫಿ ತೋಟ. ನವೆಂಬರಿನಿಂದ ಜನವರಿಯವರೆಗೆ ಹಣ್ಣಿನ ಕೊಯ್ಲು, ಪಲ್ಪಿಂಗ್, ಕಣದ ಒಣಗಿಸುವಿಕೆ. ಮಾರ್ಚ್–ಏಪ್ರಿಲ್‌ನ ಹೂಮಳೆಯ ನಂತರ ಬಿಳಿಯ ಹೂವಿನ ರಾಶಿ. ಅಲ್ಲಿಯೇ ಮೂರು ಬಗೆಯ ಕಾಫಿಯನ್ನು ಸವಿದು, ಬೇಕಾದುದನ್ನು ಹುರಿಸಿ, ಪುಡಿ ಮಾಡಿಸಿಕೊಂಡು ಒಯ್ಯುವ ಏರ್ಪಾಡು. ಮಧ್ಯಾಹ್ನ 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಅಮೃತಾಪುರದ ದೇವಾಲಯ. ಸಮಯವಿದ್ದರೆ ಲಕ್ಕವಳ್ಳಿ. ಸಂಜೆಗೆ ಮರಳಿ ನಿಲ್ದಾಣ.

ಈ ಯೋಜನೆಯಲ್ಲಿ ಮುಳ್ಳಯ್ಯನಗಿರಿಯ ಹೆಸರು ಬಾರದಿರುವುದಕ್ಕೆ ಕಾರಣವಿದೆ. ವಾರಾಂತ್ಯದ ದಟ್ಟಣೆಯನ್ನು ತಡೆಯಲು ಜಿಲ್ಲಾಡಳಿತವು 2025ರಲ್ಲಿ ಅಲ್ಲಿಗೆ ಮುಂಗಡ ನೋಂದಣಿಯ ಕ್ರಮವನ್ನು ಜಾರಿಗೆ ತರಬೇಕಾಯಿತು. ಜನಜಂಗುಳಿಯಿಂದ ಬೇಸತ್ತವರಿಗೆ ಪರ್ಯಾಯವೊಂದನ್ನು ಒದಗಿಸುವುದೇ ಬೀರೂರಿನ ಅವಕಾಶ.

ಲೆಕ್ಕಾಚಾರ

ವ್ಯಾಪಾರಿಗೆ ಲೆಕ್ಕ ಮುಖ್ಯ. ಒಂದು ಜೋಡಿಯು ಎರಡು ದಿನಗಳಲ್ಲಿ ಕಾರಿಗೆ 4,000, ವಸತಿಗೆ 2,000, ಊಟೋಪಚಾರಕ್ಕೆ 1,000, ಕಾಫಿ–ಕೊಬ್ಬರಿ ಮೊದಲಾದವುಗಳ ಖರೀದಿಗೆ 1,000, ಒಟ್ಟು 8,000 ರೂಪಾಯಿ ವೆಚ್ಚ ಮಾಡುವುದೆಂದು ಭಾವಿಸೋಣ. ವಾರಾಂತ್ಯಕ್ಕೆ 20 ಜೋಡಿಗಳು, ವರ್ಷಕ್ಕೆ 40 ವಾರಾಂತ್ಯಗಳೆಂದರೆ 64 ಲಕ್ಷ ರೂಪಾಯಿಗಳ ವಹಿವಾಟು. ಇದು ದೊಡ್ಡ ಮೊತ್ತವೇನಲ್ಲ. ಆದರೆ ಇದು ಈಗ ರೈಲಿನ ಕಿಟಕಿಯ ಹೊರಗೆ ಕೈಚಾಚದೆ ಹಾದುಹೋಗುತ್ತಿರುವ ಹಣ; ಮತ್ತು ಇದು ಒಬ್ಬನ ಗಲ್ಲಾಪೆಟ್ಟಿಗೆಗೆ ಬೀಳದೆ ಹತ್ತು ಕೈಗಳಿಗೆ ಹಂಚಿಹೋಗುತ್ತದೆ. ಮನೆಗೆ ಒಯ್ದ ಕಾಫಿಪುಡಿಯು ಮುಗಿದ ಮೇಲೆ ಅಂಚೆ ಅಥವಾ ಕೊರಿಯರ್ ಮೂಲಕ ಮತ್ತೆ ಬೇಡಿಕೆ ಬಂದರೆ, ಪ್ರವಾಸಿಯು ಕಾಯಂ ಗ್ರಾಹಕನಾಗುತ್ತಾನೆ. ದ್ರಾಕ್ಷಾರಸದ ತೋಟಗಳು ಉಳಿದು ಬೆಳೆದಿರುವುದರಲ್ಲಿ ಈ ಎರಡನೆಯ ಖರೀದಿಯ ಪಾತ್ರ ದೊಡ್ಡದು.

ಇನ್ನೊಂದು ಅನುಕೂಲವೂ ಇದೆ. ದ್ರಾಕ್ಷಾರಸವನ್ನು ಮಾರಲು ಅಬಕಾರಿ ಇಲಾಖೆಯ ಪರವಾನಗಿ ಬೇಕು. ಕಾಫಿಗೆ ಅದರ ತೊಡಕಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮತ್ತು ಸ್ಥಳೀಯ ಸಂಸ್ಥೆಯ ಪರವಾನಗಿಯಂತಹ ಸಾಮಾನ್ಯ ಕ್ರಮಗಳನ್ನು ಪೂರೈಸಿದರೆ ಸಾಕಾಗುತ್ತದೆ. ಆದರೆ ಪೊಟ್ಟಣದ ಮೇಲೆ ಭೌಗೋಳಿಕ ಸೂಚಕದ ಹೆಸರನ್ನು ಬಳಸುವವರು 1999ರ ಕಾಯಿದೆಯ ಪ್ರಕಾರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಬೇರೆಡೆಯ ಬೀಜವನ್ನು ಬಾಬಾಬುಡನ್‌ಗಿರಿಯ ಹೆಸರಿನಲ್ಲಿ ಮಾರುವ ಒಬ್ಬನು ಎಲ್ಲರ ಹೆಸರನ್ನೂ ಕೆಡಿಸಬಲ್ಲನು.

ಆಕ್ಷೇಪಗಳು

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಕೆರೆಗಳು ಮೊದಲು ರೈತನವು, ಆಮೇಲೆ ಪ್ರವಾಸಿಯವು. ಅಯ್ಯನಕೆರೆಯ ತೂಬಿನ ನೀರನ್ನು ನಂಬಿದ ಗದ್ದೆ–ತೋಟಗಳಿಗೆ ಪ್ಲಾಸ್ಟಿಕ್ ಸೀಸೆಗಳು ಹರಿದು ಬರುವಂತಾದರೆ ಯಾವ ಲಾಭವೂ ಅದನ್ನು ಸಮರ್ಥಿಸಲಾರದು. ಏರಿಯ ಮೇಲೆ ಅಂಗಡಿ ಸಾಲುಗಳು ಬೇಡ. ಅಂಗಡಿಗಳು ಊರಿನಲ್ಲಿಯೇ ಇರಲಿ. ಜೋಡಿಗಳ ಸಂಖ್ಯೆಗೆ ಮಿತಿಯನ್ನು ವರ್ತಕರು ತಾವೇ ವಿಧಿಸಿಕೊಳ್ಳುವುದು ಲೇಸು. ಮಳೆ ಕಡಿಮೆಯಾದ ವರ್ಷದಲ್ಲಿ ಬಯಲುಸೀಮೆಯ ಕೆರೆಗಳು ಬತ್ತುವುದೂ ಉಂಟು. ಆದುದರಿಂದಲೇ ಯೋಜನೆಯು ಕೇವಲ ನೀರಿನ ಮೇಲೆ ನಿಲ್ಲದೆ ತೋಟ, ದೇವಾಲಯ, ಅಜ್ಜಂಪುರದ ಅಮೃತಮಹಲ್ ತಳಿಯ ಪರಂಪರೆ ಇವುಗಳನ್ನೂ ಒಳಗೊಳ್ಳಬೇಕು.

ಕಡೂರು–ಬೀರೂರುಗಳ ನಡುವಿನ ಹಳೆಯ ಪೈಪೋಟಿಯನ್ನು ಇದಕ್ಕೆ ಎಳೆದು ತಂದರೆ ಇಬ್ಬರಿಗೂ ಹಾನಿ. ಕೆರೆಯು ಒಂದು ತಾಲ್ಲೂಕಿನದು, ಬೆಟ್ಟವು ಮತ್ತೊಂದರದು, ನಿಲ್ದಾಣವು ಇನ್ನೊಂದು ಊರಿನದು. ಕಯೂಗದ ಉತ್ಪಾದಕರು ಪರಸ್ಪರ ಸ್ಪರ್ಧಿಗಳೇ ಆಗಿದ್ದರು. ಆದರೂ ಪ್ರವಾಸಿಯನ್ನು ಸೀಮೆಗೆ ಕರೆತರುವವರೆಗೆ ಒಂದಾಗಿ, ಬಂದ ಮೇಲೆ ತಮ್ಮ ತಮ್ಮ ಸರಕಿನ ಗುಣದ ಮೇಲೆ ಸ್ಪರ್ಧಿಸಿದರು.

ಆರಂಭಕ್ಕೆ ಸರ್ಕಾರದ ಅನುದಾನವನ್ನು ಕಾಯಬೇಕಾಗಿಲ್ಲ. ಒಂದು ಮುದ್ರಿತ ನಕ್ಷೆ, ಕಾರು–ಕೊಠಡಿ–ಊಟಗಳ ಬಹಿರಂಗ ದರಪಟ್ಟಿ, ಮುಂಗಡ ಕಾಯ್ದಿರಿಸಲು ಒಂದೇ ದೂರವಾಣಿ ಸಂಖ್ಯೆ, ದೂರು ಬಂದರೆ ಉತ್ತರಿಸುವ ಒಬ್ಬ ಜವಾಬ್ದಾರಿಯುತ ವ್ಯಕ್ತಿ – ಇಷ್ಟನ್ನು ಹತ್ತು ಮಂದಿ ವರ್ತಕರು ಕೂಡಿ ಒಂದು ಹಂಗಾಮಿನ ಮಟ್ಟಿಗೆ ನಡೆಸಿ ನೋಡಬಹುದು. ಬರುವ ನವೆಂಬರಿನ ಕಾಫಿ ಕೊಯ್ಲಿನಿಂದ ಮಾರ್ಚಿನ ಹೂವಿನವರೆಗಿನ ಐದು ತಿಂಗಳು ಪರೀಕ್ಷೆಗೆ ಸಾಕು. ಫಲಿಸಿದರೆ ಮುಂದುವರಿಸುವುದು, ಫಲಿಸದಿದ್ದರೆ ನಷ್ಟವು ನಕ್ಷೆಯ ಮುದ್ರಣದ ವೆಚ್ಚವನ್ನು ಹೆಚ್ಚಾಗಿ ಮೀರದು.

ರೈಲು ಹಳಿಯು ಬೀರೂರಿಗೆ ಒಂದು ಕಾಲದಲ್ಲಿ ಗಿರಾಕಿಯನ್ನು ತಾನಾಗಿ ತಂದು ಇಳಿಸಿತ್ತು. ಆ ಗಾಡಿಗಳು ಇಂದಿಗೂ ನಿಲ್ಲುತ್ತಿವೆ. ನಿಲ್ಲುವ ಆ ಕೆಲವು ನಿಮಿಷಗಳಲ್ಲಿ ಇಬ್ಬರಾದರೂ ಇಳಿಯುವಂತೆ ಮಾಡುವ ಹೊಣೆಯು ಈಗ ಪೇಟೆಯ ಮೇಲಿದೆ.