ಬಟ್ಟೆಗೆ ಬಣ್ಣ, ಗದ್ದೆಗೆ ಉಪ್ಪು



ನಮ್ಮ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿತು ಅಂದರೆ ರೈತರಿಗೆ ಹಬ್ಬ. ಆದರೆ ಅಣೆಕಟ್ಟೆಯಲ್ಲಿ ನೀರಿದ್ದರೂ ಆ ನೀರು ನಮಗೆ ಬೇಡ ಅಂದ ರೈತರೂ ಇದ್ದಾರೆ.

ತಮಿಳುನಾಡಿನ ತಿರುಪ್ಪೂರು ಬನಿಯನ್‌ಗೆ ಹೆಸರಾದ ಊರು. ಅಲ್ಲಿ ನೊಯ್ಯಲ್ ಎಂಬ ನದಿ ಹರಿಯುತ್ತದೆ. ನಮ್ಮ ಶಿಂಷಾ ನದಿಯ ಹಾಗೆ ಅದೂ ಕಾವೇರಿಗೇ ಸೇರುತ್ತದೆ. ವ್ಯವಸಾಯಕ್ಕೆ ಅಂತ 1992ರಲ್ಲಿ ಅದಕ್ಕೆ ಒರತ್ತುಪಾಳಯಂ ಅಣೆಕಟ್ಟೆ ಕಟ್ಟಿದರು. ಆದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳಕು ನೀರು ಬಂದು ಅದರಲ್ಲಿ ನಿಂತಿತು.

ಹತ್ತಿ ಬಟ್ಟೆ ಬಣ್ಣ ಹಿಡಿಯಲಿ ಅಂತ ಬಹಳ ಉಪ್ಪು ಹಾಕುತ್ತಾರೆ. ನೀರಿನಿಂದ ಬಣ್ಣ ತೆಗೆದರೂ ಉಪ್ಪು ಹೋಗಲ್ಲ. ಬೇಕಾದರೆ ಉಪ್ಪುನೀರನ್ನು ಬಟ್ಟೇಲಿ ಸೋಸಿ ರುಚಿ ನೋಡಿ, ಗೊತ್ತಾಗುತ್ತೆ. ಅಂಥ ನೀರು ಹಾಯಿಸಿದರೆ ಮಣ್ಣಿನಲ್ಲಿ ಉಪ್ಪು ಸೇರಿ ಭತ್ತದ ಪೈರು ಏಳುವುದಿಲ್ಲ. ಅದಕ್ಕೇ ಅಲ್ಲಿನ ರೈತರು ಕೋರ್ಟಿಗೆ ಹೋದರು. 2011ರಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಕೊಳಕು ನೀರನ್ನು ಒಂದು ತೊಟ್ಟೂ ಹೊರಗೆ ಬಿಡದೆ, ಶುದ್ಧ ಮಾಡಿ ಮತ್ತೆ ಬಳಸಬೇಕು ಎಂಬುದು ಅಲ್ಲಿನ ನಿಯಮ.

ಇದು ದೂರದ ಮಾತು ಅನ್ನಬೇಡಿ. ಬೆಂಗಳೂರಿನ ವೃಷಭಾವತಿ ನದಿಗೆ ಚರಂಡಿ ನೀರು, ಕಾರ್ಖಾನೆ ನೀರು, ಬಣ್ಣದ ನೀರು ಎಲ್ಲಾ ಸೇರಿ ಬಿಡದಿ ಹತ್ತಿರದ ಬೈರಮಂಗಲ ಕೆರೆಯೇ ಕೆಟ್ಟುಹೋಯಿತು.

ಕಾರ್ಖಾನೆ ಮುಚ್ಚಿದರೆ ಕೂಲಿ ಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಅದೂ ನಿಜ. ನಮ್ಮ ಕಡೆಯ ಎಷ್ಟೋ ಅಕ್ಕಂದಿರು ಗಾರ್ಮೆಂಟ್ಸ್‌ಗೆ ಹೋಗಿ ಮನೆ ಸಾಕುತ್ತಾರೆ. ಆದರೆ ಹೊಲಿಗೆಯಿಂದ ನದಿ ಕೆಡುವುದಿಲ್ಲ, ಬಣ್ಣ ಹಾಕಿ ತೊಳೆದ ನೀರಿನಿಂದ ಕೆಡುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಏನೆಂದರೆ, ಕಾರ್ಖಾನೆ ಇರಲಿ, ಕೊಳಕು ನೀರು ಹೊರಗೆ ಬರುವುದು ಬೇಡ. ನೀರು ಶುದ್ಧ ಮಾಡುವ ಖರ್ಚು ಬಟ್ಟೆಯ ಬೆಲೆಯಲ್ಲೇ ಸೇರಲಿ. ಬನಿಯನ್‌ಗೆ ಎರಡು ರೂಪಾಯಿ ಜಾಸ್ತಿ ಆದರೆ ತೊಡುವ ನಾವೇ ಕೊಡೋಣ. ಇಲ್ಲದಿದ್ದರೆ ಆ ಖರ್ಚು ನದಿಯ ಕೆಳಗಿನ ಊರಿನ ರೈತನ ತಲೆಗೆ ಬರುತ್ತದೆ. ಅವನು ಆ ಬನಿಯನ್ ಕೊಂಡೇ ಇರುವುದಿಲ್ಲ! ಇದು ಯಾವ ನ್ಯಾಯ?

ಕುಣಿಗಲ್, ತುಮಕೂರು ಕಡೆಯೂ ಕಾರ್ಖಾನೆಗಳು ಬರುತ್ತಿವೆ. ಹೊಸ ಕಾರ್ಖಾನೆ ಬಂದಾಗ ದೊಡ್ಡವರು "ಎಷ್ಟು ಜನಕ್ಕೆ ಕೆಲಸ ಕೊಡ್ತೀರಿ?" ಅಂತ ಕೇಳುತ್ತಾರೆ. ಅದರ ಜೊತೆಗೆ "ನೀರು ಎಲ್ಲಿಗೆ ಬಿಡ್ತೀರಿ?" ಅಂತಲೂ ಕೇಳಲಿ.

– 7ನೇ ತರಗತಿ ವಿದ್ಯಾರ್ಥಿನಿ, ಹುತ್ರಿದುರ್ಗ