ಮನೆಗೊಂದು ಪ್ರಿಂಟರ್ ಬೇಕೆ?

ಮಲೆನಾಡಿನಲ್ಲಿ ಹುಟ್ಟುವ ಹೇಮಾವತಿಯು ಸಕಲೇಶಪುರವನ್ನು ದಾಟಿ, ಗೊರೂರಿನ ಅಣೆಕಟ್ಟಿನಲ್ಲಿ ತುಸು ತಂಗಿ, ಹೊಳೆನರಸೀಪುರದ ಬಯಲಿಗೆ ಇಳಿಯುತ್ತದೆ. ಮೇಲಿನ ಘಟ್ಟದ ಸಣ್ಣ ಬೆಳೆಗಾರನಿಗೂ ಕೆಳಗಿನ ಹರದನಹಳ್ಳಿಯ ರಾಗಿ, ತೆಂಗಿನ ರೈತನಿಗೂ ನೀರಿನ ನಂಟಿನ ಜೊತೆಗೆ ಇಂದು ಇನ್ನೊಂದು ನಂಟು ಬೆಳೆದಿದೆ. ಅದು ಕಾಗದದ ನಂಟು. ಪಹಣಿ, ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಪ್ರವೇಶಪತ್ರ, ಹೀಗೆ ಒಂದಲ್ಲ ಒಂದು ಹಾಳೆಗಾಗಿ ಪೇಟೆಗೆ ಅಲೆಯುವುದು ಇಬ್ಬರಿಗೂ ತಪ್ಪದು. ಬೇಸತ್ತ ಮನೆಯವರು, ಮನೆಯಲ್ಲಿಯೇ ಒಂದು ಪ್ರಿಂಟರ್ ಇದ್ದರಾಗದೆ ಎಂದು ಯೋಚಿಸುವುದು ಸಹಜ. ಆದರೆ ಅಪರೂಪಕ್ಕೊಮ್ಮೆ ಬಳಸುವ ಯಂತ್ರವನ್ನು ಕೊಳ್ಳುವ ಮುನ್ನ ವಿಚಾರಿಸಬೇಕಾದ ಸಂಗತಿಗಳು ಕೆಲವಿವೆ.

ಈ ಅಲೆದಾಟಕ್ಕೊಂದು ಚರಿತ್ರೆಯಿದೆ. 2000ದ ಸುಮಾರಿಗೆ ಕರ್ನಾಟಕ ಸರಕಾರವು 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ಹೋಗಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವರಿಗೆ ಅಚ್ಚಾದ ಪ್ರತಿ ದೊರೆಯಿತು. ಅಂದು ಪ್ರಿಂಟರ್ ಇದ್ದದ್ದು ಕಚೇರಿಯಲ್ಲಿ. ಅದರ ಶಾಯಿ, ಕಾಗದ, ದುರಸ್ತಿಯ ಹೊಣೆಯೂ ಕಚೇರಿಯದೇ. ಇಂದು ಪಹಣಿಯನ್ನು ಅಂತರ್ಜಾಲದಿಂದ ಯಾರು ಬೇಕಾದರೂ ಪಡೆಯಬಹುದು. ಅನುಕೂಲವೇನೋ ನಿಜ. ಆದರೆ ಅಚ್ಚು ಹಾಕಿಸುವ ಹೊಣೆ ಸದ್ದಿಲ್ಲದೆ ರೈತನ ಮನೆ ಬಾಗಿಲಿಗೆ ಬಂದು ಕುಳಿತಿದೆ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಗ್ಗದ ಇಂಕ್‌ಜೆಟ್ ಯಂತ್ರ. ಕೂದಲೆಳೆಗಿಂತ ಸೂಕ್ಷ್ಮವಾದ ರಂಧ್ರಗಳಿಂದ ದ್ರವರೂಪದ ಶಾಯಿಯನ್ನು ಹಾಳೆಯ ಮೇಲೆ ಚಿಮ್ಮಿಸುವುದು ಇದರ ಕೆಲಸ. ವಾರಗಟ್ಟಲೆ ಬಳಸದೆ ಬಿಟ್ಟರೆ ಆ ರಂಧ್ರಗಳಲ್ಲಿ ಶಾಯಿ ಒಣಗುತ್ತದೆ. ಅವನ್ನು ತೆರವುಗೊಳಿಸಲು ಯಂತ್ರವು ಹಾಳೆಯ ಮೇಲೆ ಒಂದಕ್ಷರವನ್ನೂ ಮೂಡಿಸದೆ ಒಂದಿಷ್ಟು ಶಾಯಿಯನ್ನು ಒಳಗಿನ ಹೀರುಪಟ್ಟಿಗೆ ಸುರಿದುಬಿಡುತ್ತದೆ. ಹೀಗೆ ಕಡಿಮೆ ಬಳಸಿದವನಿಗೇ ಪುಟವೊಂದಕ್ಕೆ ಹೆಚ್ಚು ಖರ್ಚು ಬೀಳುತ್ತದೆ. ಶಾಯಿಯನ್ನು ತೊಟ್ಟಿಗೆ ತುಂಬುವ ಮಾದರಿಗಳಲ್ಲಿ ಶಾಯಿಯೇನೋ ಅಗ್ಗ. ಒಣಗುವ ಗುಣ ಮಾತ್ರ ಅಲ್ಲಿಯೂ ಇದೆ. ಚಿಮ್ಮುವ ಭಾಗವು ಕಾರ್ಟ್ರಿಜ್‌ನಲ್ಲಿಯೇ ಇದ್ದರೆ ಹೊಸ ಕಾರ್ಟ್ರಿಜ್ ಹಾಕಿದೊಡನೆ ಯಂತ್ರ ಸರಿಹೋದೀತು. ಅದು ಯಂತ್ರಕ್ಕೆ ಸೇರಿದ್ದಾದರೆ ದುರಸ್ತಿಯ ವೆಚ್ಚ ಯಂತ್ರದ ಬೆಲೆಯನ್ನೇ ಮುಟ್ಟೀತು. ಕೊಳ್ಳುವಾಗ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು. ಈಗಾಗಲೇ ಇಂಕ್‌ಜೆಟ್ ಇರುವವರು ವಾರಕ್ಕೊಮ್ಮೆಯಾದರೂ ಬಣ್ಣವಿರುವ ಒಂದು ಹಾಳೆ ತೆಗೆಯುವುದು ಲೇಸು. ಯಂತ್ರವನ್ನು ಅದರದೇ ಗುಂಡಿಯಿಂದ ಆರಿಸಬೇಕು. ಆಗ ರಂಧ್ರಗಳ ಮೇಲೆ ಮುಚ್ಚಳ ಕೂರುತ್ತದೆ. ಗೋಡೆಯ ಸ್ವಿಚ್ಚನ್ನು ನೇರವಾಗಿ ಆರಿಸಿದರೆ ಮುಚ್ಚಳ ಬೀಳದೆ ಶಾಯಿ ಬೇಗ ಒಣಗುತ್ತದೆ.

ಲೇಸರ್ ಯಂತ್ರದ ಬಗೆಯೇ ಬೇರೆ. ಅದರಲ್ಲಿ ಬಳಸುವ ಟೋನರ್ ಒಣಪುಡಿ. ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳಿಂದ ಕೂಡಿದ್ದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದು ಕರಗಿ ಹಾಳೆಗೆ ಅಂಟುತ್ತದೆ. ಒಣಗಲು ಅಲ್ಲಿ ದ್ರವವೇ ಇಲ್ಲವಾದ್ದರಿಂದ ಮೂರು ತಿಂಗಳ ಬಳಿಕ ಬಳಸಿದರೂ ಅಚ್ಚು ಸ್ಪಷ್ಟವಾಗಿ ಬರುತ್ತದೆ. ಹಾಳೆ ಮಳೆಯಲ್ಲಿ ನೆನೆದರೂ ಅಕ್ಷರ ಕದಡುವುದಿಲ್ಲ. ಇಂಕ್‌ಜೆಟ್‌ನ ಬಹಳಷ್ಟು ಶಾಯಿಗಳಿಗೆ ಈ ಮಾತು ಹೇಳಲಾಗದು. ಆದರೆ ಕಾವು ಏರಿಸುವ ಗಳಿಗೆಯಲ್ಲಿ ಲೇಸರ್ ಯಂತ್ರ ನೂರಾರು ವ್ಯಾಟ್ ವಿದ್ಯುತ್ತನ್ನು ಎಳೆಯುತ್ತದೆ. ಚಿಕ್ಕ ಯುಪಿಎಸ್ ಅದನ್ನು ತಾಳದು. ವೋಲ್ಟೇಜ್ ಕುಸಿಯುವ ಹೊತ್ತಿನಲ್ಲಿ ಬಳಸದಿರುವುದು ಒಳ್ಳೆಯದು. ಯಂತ್ರದೊಡನೆ ಬರುವ ಮೊದಲ ಟೋನರ್ ಸಾಮಾನ್ಯವಾಗಿ ಪೂರ್ತಿ ತುಂಬಿರುವುದಿಲ್ಲ ಎಂಬುದೂ ತಿಳಿದಿರಬೇಕು. ಘಟ್ಟದ ಮಳೆಗಾಲದಲ್ಲಿ ಕಾಗದ ತೇವ ಹೀರಿ ಯಂತ್ರದೊಳಗೆ ಸಿಕ್ಕಿಕೊಳ್ಳುವುದರಿಂದ, ಹಾಳೆಯ ಕಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಅಪರೂಪದ ಬಳಕೆಗೆ, ಬಣ್ಣದ ಅಗತ್ಯವಿಲ್ಲದವರಿಗೆ, ಕಪ್ಪುಬಿಳುಪಿನ ಲೇಸರ್ ಯಂತ್ರವೇ ಸೂಕ್ತವೆಂಬುದು ಇದರಿಂದ ಸ್ಪಷ್ಟ.

ಆದರೂ ಅದನ್ನು ಪ್ರತಿ ಮನೆಯೂ ಕೊಳ್ಳಬೇಕೆ? ಹರದನಹಳ್ಳಿಯಂತಹ ಊರಿನ ಒಂದು ಮನೆಗೆ ತಿಂಗಳಿಗೆ 10 ಹಾಳೆ ಬೇಕೆಂದಿಟ್ಟುಕೊಂಡರೆ ವರ್ಷಕ್ಕೆ 120 ಹಾಳೆಯಾಯಿತು. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 5 ರೂಪಾಯಿಯಂತೆ 600 ರೂಪಾಯಿ. 12,000 ರೂಪಾಯಿಯ ಯಂತ್ರ ಕೊಂಡರೆ ಅದರ ಬೆಲೆ ತೀರಲು 20 ವರ್ಷ ಬೇಕು. ಟೋನರ್ ಮತ್ತು ಕಾಗದದ ಖರ್ಚು ಬೇರೆ. ಆದರೆ ಈ ಲೆಕ್ಕ ಅಪೂರ್ಣ. ತಿಂಗಳಿಗೊಂದು ಬಾರಿ ಪೇಟೆಗೆ ಹೋಗಿಬರುವುದರಲ್ಲಿ 400 ರೂಪಾಯಿಯ ಕೂಲಿ ತಪ್ಪಿದರೆ ವರ್ಷಕ್ಕೆ 4,800 ರೂಪಾಯಿ ನಷ್ಟ. ಬಡ ಮನೆಯನ್ನು ಸುಡುತ್ತಿರುವುದು ಅಚ್ಚಿನ ದರವಲ್ಲ, ದಾರಿಯ ದೂರ. ಆದ್ದರಿಂದ ಯಂತ್ರವು ಹತ್ತಿರದಲ್ಲಿರಬೇಕು. ಸ್ವಂತದ್ದೇ ಆಗಿರಬೇಕೆಂದೇನೂ ಇಲ್ಲ.

ಹನ್ನೆರಡು ಮನೆಗಳು ಕೂಡಿದರೆ ಅದೇ ಯಂತ್ರಕ್ಕೆ ಮನೆಯೊಂದಕ್ಕೆ 1,000 ರೂಪಾಯಿ ಬೀಳುತ್ತದೆ. ವರ್ಷಕ್ಕೆ 1,440 ಹಾಳೆ ಎಂದರೆ ವಾರಕ್ಕೆ ಇಪ್ಪತ್ತೇಳು, ಇಪ್ಪತ್ತೆಂಟು ಹಾಳೆ. ಅಷ್ಟು ಬಳಕೆಯಿದ್ದರೆ ಇಂಕ್‌ಜೆಟ್‌ನ ಶಾಯಿಯೂ ಒಣಗಲು ಬಿಡುವಿರುವುದಿಲ್ಲ! ಹಾಲಿನ ಸಂಘ, ಸ್ತ್ರೀಶಕ್ತಿ ಗುಂಪು, ಶಾಲೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಇವುಗಳಲ್ಲಿ ಒಂದು ಇಂಥ ಯಂತ್ರವನ್ನು ಇರಿಸಿಕೊಂಡು ಪುಟಕ್ಕಿಷ್ಟೆಂದು ಪಡೆದು, ಲೆಕ್ಕದ ಪುಸ್ತಕವೊಂದನ್ನು ಇಡಬಹುದು. ಕಣಜವನ್ನೂ ಒಕ್ಕಣೆಯ ಕಣವನ್ನೂ ಹಂಚಿಕೊಂಡು ಬಾಳಿದ ಊರುಗಳಿಗೆ ಇದು ಹೊಸ ಪಾಠವಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಆಧಾರ್, ಬ್ಯಾಂಕ್ ಪುಸ್ತಕಗಳ ಪ್ರತಿಗಳು ಹಂಚಿಕೆಯ ಯಂತ್ರದಲ್ಲಾಗಲಿ ಅನ್ಯರ ಮೊಬೈಲಿನಲ್ಲಾಗಲಿ ಉಳಿಯಬಾರದು; ಕೆಲಸ ಮುಗಿದೊಡನೆ ಅಳಿಸಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಡಿಯುವ ಒಂಟಿ ಮನೆ, ಬರವಣಿಗೆಯಿಂದಲೇ ಜೀವನ ಸಾಗಿಸುವ ಮನೆ, ನಡೆಯಲಾರದ ಹಿರಿಯರಿರುವ ಮನೆ ಸ್ವಂತಕ್ಕೆ ಕೊಂಡರೆ ಅದನ್ನು ದುಂದು ಎನ್ನಲಾಗದು.

ಪರಿಸರದ ಲೆಕ್ಕವೂ ಇದೇ ಕಡೆಗೆ ವಾಲುತ್ತದೆ. ಕೆಟ್ಟ ಪ್ರಿಂಟರ್ ಅಟ್ಟ ಸೇರುತ್ತದೆ. ಮುಂದೊಂದು ದಿನ ಗುಜರಿಯವನ ಚೀಲ ಸೇರುತ್ತದೆ. ಇಲ್ಲವೆ ಹಿತ್ತಿಲಿನಲ್ಲಿ ಸುಟ್ಟು ಹೊಗೆಯಾಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಪ್ರಿಂಟರ್ ಮತ್ತು ಅದರ ಕಾರ್ಟ್ರಿಜ್ ಎರಡೂ ಸೇರಿವೆ. ಅವುಗಳ ಮರುಬಳಕೆಯ ಹೊಣೆ ತಯಾರಕರದು. ಹಳತನ್ನು ಎಲ್ಲಿ ಹಿಂದಿರುಗಿಸಬೇಕೆಂದು ಕೊಳ್ಳುವ ದಿನವೇ ಕೇಳುವ ಹಕ್ಕು ಗ್ರಾಹಕನಿಗಿದೆ. ಹನ್ನೆರಡು ಯಂತ್ರಗಳಿಗಿಂತ ಒಂದನ್ನು ಹಿಂದಿರುಗಿಸುವುದು ಸುಲಭವೆಂದು ಬೇರೆ ಹೇಳಬೇಕಿಲ್ಲ. ಇನ್ನು ಕಾಗದದ ಬೆಲೆಯನ್ನು ಮಲೆನಾಡು ಬಲ್ಲದು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಗಾಗಿ 1980ರಲ್ಲಿ ಗುತ್ತಿಗೆಗೆ ಕೊಟ್ಟ ಸಾವಿರಾರು ಹೆಕ್ಟೇರ್ ನೆಲದಲ್ಲಿ ನೀಲಗಿರಿ, ಅಕೇಶಿಯಾಗಳು ಬೆಳೆದದ್ದನ್ನು ಶಿವಮೊಗ್ಗೆಯ ಹಳ್ಳಿಗಳು ಮರೆತಿಲ್ಲ. ಹಾಳೆಯ ಎರಡೂ ಬದಿಗೆ ಅಚ್ಚು ಹಾಕುವ ಯಂತ್ರವನ್ನೇ ಆರಿಸಿಕೊಳ್ಳುವುದು ಅಷ್ಟರಮಟ್ಟಿಗೆ ಕಾಡಿನ ಪರವಾದ ಆಯ್ಕೆ.

ಎಲ್ಲಕ್ಕಿಂತ ಅಗ್ಗದ ಹಾಳೆ ಅಚ್ಚಾಗದ ಹಾಳೆ. ಡಿಜಿಲಾಕರ್ ಮೂಲಕ ನೀಡಲಾದ ದಾಖಲೆಗೆ ಮೂಲಪ್ರತಿಯ ಮಾನ್ಯತೆಯಿದೆ ಎಂದು 2017ರ ನಿಯಮವೇ ಹೇಳುತ್ತದೆ. ಹಾಗಿದ್ದೂ ಸರಕಾರದ ಬಳಿಯೇ ಇರುವ ಪಹಣಿಯನ್ನು ಸರಕಾರದ್ದೇ ಇನ್ನೊಂದು ಮೇಜಿಗೆ ರೈತನೇ ಅಚ್ಚು ಹಾಕಿಸಿ ಒಯ್ದು ಕೊಡಬೇಕೆಂಬ ವಾಡಿಕೆ ಯಾವ ನ್ಯಾಯ? ಪ್ರಿಂಟರ್ ಕೊಳ್ಳುವ ಮುನ್ನ ಊರಿನವರು ಗ್ರಾಮಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಎತ್ತಲಿ: ಈ ಹಾಳೆ ನಿಜಕ್ಕೂ ಬೇಕೆ? ಬೇಕಾದರೆ ಅದನ್ನು ತೆಗೆಯುವ ಯಂತ್ರ ಊರಿನಲ್ಲಿಯೇ ಏಕಿಲ್ಲ? ಉತ್ತರ ದೊರೆತ ಮೇಲೆ ಮನೆಗೊಂದು ಯಂತ್ರ ಬೇಕೆ ಬೇಡವೆ ಎಂಬುದು ತಾನಾಗಿ ತಿಳಿಯುತ್ತದೆ.